ಸೀ, ಲುಕ್, ನೋಡು, ಕಾಣು

ಕಳೆದ ವಾರ ಮೊಮ್ಮಗಳು ತನ್ನ ಇಂಗ್ಲಿಷ್ ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿದಳು. ‘ಐ ಆಮ್ ಸೀಯಿಂಗ್ ದಿ ಬೋರ್ಡ್’ ಎಂಬ ವಾಕ್ಯದ ಮೇಲೆ ಅವರ ಟೀಚರು ಕೆಂಪು ಶಾಯಿಯ ಗೆರೆ ಎಳೆದಿದ್ದರು. “ತಾತ, ಸೀ ಅಂದ್ರ ನೋಡು ಅಂತ ನೀನ ಹೇಳಿಕೊಟ್ಟಿದ್ದಿ. ನೋಡಾಕತ್ತೀನಿ ಅಂದ್ರ ಸೀಯಿಂಗ್ ಆಗಬೇಕಲ್ಲ?” ಎಂದು ಕೇಳಿದಳು.

ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಇಂದ್ರಿಯಗಳಿಂದ ಅರಿಯುವುದನ್ನು ಸೂಚಿಸುವ ಕ್ರಿಯಾಪದಗಳನ್ನು ಸಾಮಾನ್ಯವಾಗಿ ಕಂಟಿನ್ಯುಯಸ್ ಟೆನ್ಸಿನಲ್ಲಿ ಬಳಸಬಾರದೆಂದು ರೆನ್ ಅಂಡ್ ಮಾರ್ಟಿನ್ ಪುಸ್ತಕದಲ್ಲಿ ಓದಿದ್ದೇನೆ, ಬೋಧಿಸಿದ್ದೇನೆ, ಪರೀಕ್ಷೆಯಲ್ಲಿ ಅಂಕವನ್ನೂ ಕಡಿದಿದ್ದೇನೆ. ಆದರೆ ಆ ಮಗುವಿನ ತಪ್ಪಿಗೆ ಮೂಲ ನಾನೇ ಎಂಬುದು ಅಂದು ಮನಸ್ಸಿಗೆ ನಾಟಿತು. ಅವಳೊಬ್ಬಳಿಗೆ ಮಾತ್ರವಲ್ಲ, ಈ ಬರಹವನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರಿಗೂ ನಾನು ಹಾಗೆಯೇ ಕಲಿಸಿದ್ದೇನೆ.

ದೇವದುರ್ಗದಲ್ಲಿ ನನ್ನಲ್ಲಿ ಓದಿದವರಿಗೆ ನೆನಪಿರಬಹುದು. ಆಗ ಸರ್ಕಾರಿ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಇಂಗ್ಲಿಷ್. ಎಂಟನೆಯ ತರಗತಿಗೆ ಬರುವ ಮಕ್ಕಳಿಗೆ ಆ ಭಾಷೆಯೆಂದರೆ ಜ್ವರ. ನಾನು ಬೆತ್ತವನ್ನು ಕರಿಹಲಗೆಗೆ ತಟ್ಟುತ್ತ “ಸೀ, ಸಾ, ಸೀನ್” ಎನ್ನುವುದು, ನೀವೆಲ್ಲ “ನೋಡು” ಎಂದು ಒಕ್ಕೊರಲಿನಿಂದ ಕೂಗುವುದು. “ಲುಕ್” ಎಂದರೂ “ನೋಡು”. “ವಾಚ್” ಎಂದರೂ ಅದೇ. ಮೂರು ಬೀಗಗಳಿಗೆ ಒಂದೇ ಕೀಲಿಕೈ ಕೊಟ್ಟು ಕಳುಹಿಸಿದೆ. ಬಾಗಿಲು ತೆರೆಯದಿದ್ದಾಗ ನಿಮ್ಮನ್ನೇ ಬೈದೆ.

ಕನ್ನಡದಲ್ಲಿ ಬೇರೆ ಪದವಿಲ್ಲದೆ ಹಾಗೆ ಮಾಡಿದೆನೇ? ಇಲ್ಲ. ನಮ್ಮಲ್ಲಿ ‘ನೋಡು’ ಇದೆ, ‘ಕಾಣು’ ಇದೆ. ನೋಡುವುದು ನಾವು ಮಾಡುವ ಕೆಲಸ. ಕಾಣುವುದು ನಮಗೆ ಒದಗಿ ಬರುವಂಥದು. ವಿಭಕ್ತಿಯೇ ಇದಕ್ಕೆ ಸಾಕ್ಷಿ: ‘ನಾನು ನೋಡುತ್ತೇನೆ’ ಎನ್ನುತ್ತೇವೆ, ಆದರೆ ‘ನನಗೆ ಕಾಣುತ್ತದೆ’ ಎನ್ನುತ್ತೇವೆ. ‘ನಾನು ಕಂಡೆ’ ಎಂಬ ರೂಪವೂ ಉಂಟು. ಅಲ್ಲಿಯೂ ಕಣ್ಣಿಗೆ ಬಿದ್ದಿತು ಎಂಬುದೇ ಇಂಗಿತ. ಇಂಗ್ಲಿಷಿನ ‘ಲುಕ್’ ನಮ್ಮ ‘ನೋಡು’ವಿಗೆ ಹತ್ತಿರ, ‘ಸೀ’ ನಮ್ಮ ‘ಕಾಣು’ವಿಗೆ ಹತ್ತಿರ. ಇಷ್ಟು ಹೇಳಿದ್ದರೆ ಆ ನಿಯಮವನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬರುತ್ತಿರಲಿಲ್ಲ. ತಾನು ಮಾಡುತ್ತಿರುವ ಕೆಲಸವಲ್ಲದ್ದನ್ನು ‘ಮಾಡುತ್ತಿದ್ದೇನೆ’ ಎಂದು ಹೇಗೆ ಹೇಳುವುದು?

ರಾಯಚೂರಿನ ಮಕ್ಕಳಿಗಂತೂ ಇದು ಇನ್ನೂ ಸುಲಭವಾಗಬೇಕಿತ್ತು. ಇಲ್ಲಿಯ ಓಣಿಗಳಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಉರ್ದುವಿನಲ್ಲಿ ‘ದೇಖ್‌ನಾ’ ಬೇರೆ, ‘ದಿಖ್‌ನಾ’ ಬೇರೆ. ತೆಲುಗಿನಲ್ಲಿ ‘ಚೂಡು’ ಬೇರೆ, ‘ಕನಪಡು’ ಬೇರೆ. ಮೂರು ಭಾಷೆಗಳಲ್ಲಿ ಈ ಭೇದವನ್ನು ತಿಳಿದು ಬಂದ ಮಗುವಿಗೆ ನಾಲ್ಕನೆಯದರಲ್ಲಿ ಅದನ್ನು ಮರೆಸಿದವರು ನಾವು ಮೇಷ್ಟರುಗಳು.

‘ಕಾಣು’ವಿನ ಹರವನ್ನು ಗಮನಿಸಿದರೆ ಆಶ್ಚರ್ಯವಾಗುತ್ತದೆ. ‘ಸೀ ದಿ ಡಾಕ್ಟರ್’ ಎಂದರೆ ವೈದ್ಯರನ್ನು ಕಾಣು. ‘ನಾಳೆ ಬಂದು ಮುಖ್ಯೋಪಾಧ್ಯಾಯರನ್ನು ಕಾಣತಕ್ಕದ್ದು’ ಎಂದು ಪಾಲಕರಿಗೆ ಎಷ್ಟು ಚೀಟಿ ಬರೆದಿಲ್ಲ ನಾನು! ಬರಗಾಲ ಕಂಡವರು, ಸುಖ ಕಾಣದವರು, ಲೋಕ ಕಂಡವರು. ಇವೆಲ್ಲಕ್ಕೂ ಇಂಗ್ಲಿಷಿನವರು ‘ಸೀನ್’ ಎಂದೇ ಹೇಳುತ್ತಾರೆ. ವಚನಗಳ ಕೊನೆಯಲ್ಲಿ ಬರುವ ‘ಕಾಣಾ’ ಎಂಬ ಸಂಬೋಧನೆಗೂ ಅವರ ಮಾತಿನ ನಡುವೆ ಬರುವ ‘ಯೂ ಸೀ’ ಎಂಬುದಕ್ಕೂ ಏನೋ ನೆಂಟಸ್ತಿಕೆ ಇರುವಂತೆ ನನಗೆ ತೋರುತ್ತದೆ. (ಭಾಷಾವಿಜ್ಞಾನಿಗಳು ಕ್ಷಮಿಸಲಿ.) ಎಲ್ಲ ಕಡೆಯೂ ಹೊಂದುತ್ತದೆಂದಲ್ಲ. ‘ಐ ಸೀ’ ಎಂಬುದಕ್ಕೆ ‘ಓಹೋ, ಹಾಗೋ’ ಎನ್ನಬೇಕು. ‘ಸೀ ಟು ಇಟ್’ ಎಂಬಲ್ಲಿ ‘ನೋಡಿಕೊಳ್ಳಿ’ ಎಂದು ನಮ್ಮ ‘ನೋಡು’ವೇ ಮರಳಿ ಬರುತ್ತದೆ. ‘ವಾಚ್’ ಎಂದರೆ ಕಾಯುತ್ತ ನೋಡುವುದು. ವಾಚ್‌ಮನ್‌ನನ್ನು ಬಲ್ಲ ಯಾವ ಹಳ್ಳಿಯ ಹುಡುಗನಿಗೂ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ನಾನು ಹೇಳಲು ಹಿಂಜರಿಯುತ್ತ ಬಂದ ಸಂಗತಿ. ಮಾನ್ವಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಕೊನೆಯ ಬೆಂಚಿನ ಹುಡುಗನೊಬ್ಬ ಕರಿಹಲಗೆಯ ಮೇಲೆ ಬರೆದುದನ್ನು ಎಂದೂ ಸರಿಯಾಗಿ ನಕಲು ಮಾಡುತ್ತಿರಲಿಲ್ಲ. ಒಂದು ದಿನ “ಲುಕ್ ಅಟ್ ದಿ ಬೋರ್ಡ್!” ಎಂದು ಗದರಿದೆ. ಅವನು ಎದ್ದು ನಿಂತು, “ನೋಡಾಕತ್ತೀನ್ರಿ ಸರ್, ಕಾಣವಲ್ದ್ರಿ” ಎಂದ. ತರಗತಿ ನಕ್ಕಿತು. ಎದುರುತ್ತರವೆಂದು ತಿಳಿದು ಕೆನ್ನೆಗೆ ಹೊಡೆದೆ. ಎರಡು ಕ್ರಿಯಾಪದಗಳ ಅಂತರವನ್ನು ಅಷ್ಟು ಸ್ಪಷ್ಟವಾಗಿ ಯಾವ ವ್ಯಾಕರಣ ಗ್ರಂಥವೂ ನನಗೆ ಹೇಳಿರಲಿಲ್ಲ. ನನ್ನ ಕಿವಿಗೆ ಅದು ಬೀಳಲೇ ಇಲ್ಲ. ಹುಡುಗನ ದೃಷ್ಟಿ ಮಂದವಾಗಿದೆಯೆಂದು ತಿಂಗಳುಗಳ ನಂತರ ಕಂಡುಹಿಡಿದವರು ನಮ್ಮ ದೈಹಿಕ ಶಿಕ್ಷಣ ಶಿಕ್ಷಕರು. ಎಸೆದ ಚೆಂಡು ಹತ್ತಿರ ಬರುವವರೆಗೂ ಅವನು ಕೈ ಚಾಚುವುದಿಲ್ಲವೆಂಬುದನ್ನು ಅವರು ಗಮನಿಸಿದ್ದರು. ಬಿ.ಎಡ್. ಪದವಿ ಇದ್ದದ್ದು ನನಗೆ.

ಆಮೇಲೆ ನನ್ನ ಪಾಠದ ಕ್ರಮ ಸ್ವಲ್ಪ ಬದಲಾಯಿತು. ರಾಯಚೂರಿಗೆ ವರ್ಗವಾಗಿ ಬಂದ ಮೇಲೆ ಮಕ್ಕಳನ್ನು ಕೋಟೆಗೆ ಕರೆದೊಯ್ಯುತ್ತಿದ್ದೆ. 1294ರ ಶಾಸನವಿರುವ ಆ ನಲವತ್ತೊಂದು ಅಡಿ ಉದ್ದದ ಕಲ್ಲಿನ ಮುಂದೆ ನಿಲ್ಲಿಸಿ “ಲುಕ್” ಎನ್ನುತ್ತಿದ್ದೆ. ಎಲ್ಲರೂ ನೋಡುತ್ತಿದ್ದರು. “ವಾಟ್ ಡು ಯೂ ಸೀ?” ಎಂದಾಗ ಮೊದಲು ಮೌನ. ಬಳಿಕ ಯಾರೋ ಒಬ್ಬಳಿಗೆ ಬಲಗಡೆಯ ಕಲ್ಲಿನಲ್ಲಿ ಕೊರೆದ ಗೆರೆಗಳು ಕಾಣುತ್ತಿದ್ದವು: ಬಂಡಿ, ಅದನ್ನೆಳೆಯುವ ಕೋಣಗಳ ಉದ್ದ ಸಾಲು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಹಾಕಿ ನೂಕುವ ಆಳುಗಳು. ಆ ಮಹಾಶಿಲೆಯನ್ನು ಬೆಟ್ಟದಿಂದ ತಂದ ಬಗೆಯ ಚಿತ್ರವದು. “ಸರ್, ಕಂಡಿತು!” ಎಂಬ ಕೂಗಿನಲ್ಲಿ ‘ಸೀ’ ಎಂಬ ಪದ ಅವರದಾಗುತ್ತಿತ್ತು.

2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಬಂದಿತು. 2019ರಿಂದ ಅನೇಕ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ನಾನು ಅದನ್ನು ವಿರೋಧಿಸುವವನಲ್ಲ. ಬಡವರ ಮಕ್ಕಳಿಗೂ ಆ ಭಾಷೆ ಬೇಕು. ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತನಾಡಿದರೆ ದಂಡವೆಂಬ ಖಾಸಗಿ ಶಾಲೆಗಳ ಚಾಳಿ ಇಲ್ಲಿಗೂ ಬರಬಾರದು. ಗೈಡುಗಳಲ್ಲಿರುವ ಒಂದು ಪದಕ್ಕೆ ಒಂದು ಅರ್ಥದ ಪಟ್ಟಿಯೂ ಅಷ್ಟೇ ಕೆಟ್ಟದ್ದು. ಶಿಕ್ಷಕರಾಗಿರುವ ನನ್ನ ಶಿಷ್ಯರು ಹತ್ತಾರು ಮಂದಿ ಇದ್ದೀರಿ. ನಾಳೆ ‘ಹಿಯರ್’, ‘ಲಿಸನ್’ ಪಾಠ ಬಂದಾಗ ‘ಕೇಳಿಸು’, ‘ಕೇಳು’ ಎಂಬವುಗಳನ್ನು ಜೊತೆಗಿಟ್ಟು ಕಲಿಸಿರಿ, ಹೇಗಾಯಿತೆಂದು ನನಗೂ ಬರೆಯಿರಿ.

ಮೊಮ್ಮಗಳು ‘ಐ ಆಮ್ ಲುಕಿಂಗ್ ಅಟ್ ದಿ ಬೋರ್ಡ್’ ಎಂದು ತಿದ್ದಿಕೊಂಡಳು. ಮಾನ್ವಿಯ ಆ ಹುಡುಗನಿಗೆ ಈಗ ನಡುವಯಸ್ಸು ಕಳೆದಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನ ಸಹಪಾಠಿಗಳಲ್ಲಿ ಯಾರಾದರೂ ಇದನ್ನು ಓದಿದರೆ, ಮೇಷ್ಟ್ರು ಅವನನ್ನು ಕಾಣಬೇಕೆಂದಿದ್ದಾರೆ ಎಂದು ತಿಳಿಸಿರಿ.