ಟೂರಿಗೆ ಹೊರಟ ಹೆಂಗಸರು ಯಾಕೆ ನೀರು ಕುಡಿಯುವುದಿಲ್ಲ?

ಶನಿವಾರ ಸುಬ್‌ಹಿ ನಮಾಝ್ ಮುಗಿಸಿ ಮಂಗಳೂರು ಕಡೆಯಿಂದ ಹೊರಟ ಕಾರು ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಕುಶಾಲನಗರ, ಹುಣಸೂರು ದಾಟಿ ಮೈಸೂರು ತಲುಪುವಾಗ ಮಧ್ಯಾಹ್ನವಾಗಿರುತ್ತದೆ. ಸುಮಾರು 250 ಕಿಲೋಮೀಟರ್ ದಾರಿ. ಈ ದಾರಿಯಲ್ಲಿ ಗಂಡಸರು ಎಷ್ಟು ಸಲ ಕಾರಿನಿಂದ ಇಳಿದರು, ಹೆಂಗಸರು ಎಷ್ಟು ಸಲ ಇಳಿದರು ಎಂದು ಒಮ್ಮೆ ಲೆಕ್ಕ ಹಾಕಿ. ಗಂಡಸರಿಗೆ ದಾರಿಯುದ್ದಕ್ಕೂ ಮಸೀದಿಗಳಿವೆ. ಅಲ್ಲಿ ಶೌಚಾಲಯವಿದೆ, ವುಝೂ ಮಾಡಲು ನೀರಿದೆ, ಫ್ಯಾನಿನ ಕೆಳಗೆ ಐದು ನಿಮಿಷ ಕುಳಿತು ಬರುವ ಅವಕಾಶವಿದೆ. ಹೆಂಗಸರು ಮಕ್ಕಳನ್ನು ಹಿಡಿದುಕೊಂಡು ಕಾರಿನಲ್ಲೇ ಇರುತ್ತಾರೆ.

ಇದಕ್ಕೆ ಅವರು ಕಂಡುಕೊಂಡ ಉಪಾಯ ಒಂದೇ, ನೀರು ಕುಡಿಯದಿರುವುದು. ಮನೆಯಿಂದ ಹೊರಡುವ ಮೊದಲೇ ಚಹಾ ಅರ್ಧ ಲೋಟಕ್ಕಿಳಿಯುತ್ತದೆ. ಬಾಟಲಿ ಮಕ್ಕಳ ಕೈಯಲ್ಲಿರುತ್ತದೆ. 'ನನಗೆ ಬಾಯಾರಿಕೆ ಇಲ್ಲ' ಎಂಬ ಮಾತು ದಾರಿಯುದ್ದಕ್ಕೂ ಕೇಳಿಸುತ್ತದೆ. ಅದನ್ನು ನಿಜವೆಂದು ನಂಬುವ ಗಂಡಸರೂ ಇದ್ದಾರೆ.

ದೇಹ ಮಾತ್ರ ಅದನ್ನು ನಂಬುವುದಿಲ್ಲ. ಹೆಣ್ಣಿನ ಮೂತ್ರನಾಳ ಬಹಳ ಗಿಡ್ಡ, ಸುಮಾರು 4 ಸೆಂಟಿಮೀಟರ್ ಅಷ್ಟೆ. ಹೊರಗಿನ ರೋಗಾಣು ಮೂತ್ರಕೋಶ ತಲುಪಲು ದೂರವೇ ಇಲ್ಲ. ನೀರು ಕುಡಿದು ಆಗಾಗ ಮೂತ್ರ ವಿಸರ್ಜಿಸುತ್ತಿದ್ದರೆ ಈ ರೋಗಾಣುಗಳು ಹೊರಗೆ ಹೋಗುತ್ತವೆ. ಗಂಟೆಗಟ್ಟಲೆ ತಡೆದಿಟ್ಟರೆ ಅವು ಒಳಗೇ ಬೆಳೆಯುತ್ತವೆ. ಸೋಮವಾರ ಉರಿಮೂತ್ರ, ಕೆಳಹೊಟ್ಟೆ ನೋವು. ನಿರ್ಲಕ್ಷಿಸಿದರೆ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು. ಅಂದರೆ ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದೇ ಸಂಶಯಿಸಬೇಕು. ಗರ್ಭಿಣಿಯರಲ್ಲಿ ಇದು ಅವಧಿಗೆ ಮೊದಲೇ ಹೆರಿಗೆಯಾಗಲು ಕಾರಣವಾಗಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಬೇಗ ಉಲ್ಬಣಿಸುತ್ತದೆ. ಊರಿಗೆ ಮರಳಿದ ಮೇಲೆ ಇಂಥ ಲಕ್ಷಣ ಕಂಡರೆ ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆ ನುಂಗಬೇಡಿ. ಮೂತ್ರ ಪರೀಕ್ಷೆ ಮಾಡಿಸಿ ವೈದ್ಯರು ಕೊಟ್ಟದ್ದನ್ನು ತೆಗೆದುಕೊಳ್ಳಿ.

ಮಲಮೂತ್ರವನ್ನು ತಡೆದುಕೊಂಡು ನಮಾಝ್‌ಗೆ ನಿಲ್ಲಬಾರದೆಂದು ಕಲಿಸಿದವರು ಪ್ರವಾದಿ(ಸ). ಆರಾಧನೆಗೇ ಇಷ್ಟು ಮುತುವರ್ಜಿ ಇರುವಾಗ ಅರಮನೆ ನೋಡುವುದಕ್ಕೆ ಯಾಕಿಲ್ಲ?

ಅರಮನೆ ಎಂದಾಗ ನಮ್ಮ ಟೂರಿನ ಪಟ್ಟಿ ನೆನಪಾಯಿತು. ಅರಮನೆ, ಝೂ, ಗುಂಬಝ್, ದರಿಯಾ ದೌಲತ್, ಕೆಆರ್‌ಎಸ್, ದೇವರಾಜ ಮಾರುಕಟ್ಟೆ ಎಲ್ಲವೂ ಒಂದೂವರೆ ದಿನದಲ್ಲಿ ಆಗಬೇಕು! ಇದು ಪ್ರವಾಸವಲ್ಲ, ಓಟದ ಪಂದ್ಯ. ಈ ಓಟದಲ್ಲಿ ಮೊದಲು ಬಿಟ್ಟುಹೋಗುವುದು ಊಟದ ಹೊತ್ತು, ಆಮೇಲೆ ಶೌಚದ ಹೊತ್ತು. ನನ್ನ ಮಟ್ಟಿಗೆ ದಿನಕ್ಕೆ ಎರಡು ಜಾಗ ಸಾಕು. ಶನಿವಾರ ಮಧ್ಯಾಹ್ನ ಊಟ ಮಾಡಿ, ವಿಶ್ರಾಂತಿ ಪಡೆದು ಅರಮನೆಗೆ ಹೋಗಿ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಝೂ ನೋಡಿ. 1892ರಲ್ಲಿ ಆರಂಭವಾದ ಈ ಝೂ ಸುತ್ತಲು ಬಹಳ ನಡೆಯಬೇಕು, ವಯಸ್ಸಾದವರಿಗೆ ಬಿಸಿಲಲ್ಲಿ ಆಗದು. ಶ್ರೀರಂಗಪಟ್ಟಣ ಇರುವುದು ಬೆಂಗಳೂರು ರಸ್ತೆಯ ಕಡೆ, ಅಂದರೆ ನಾವು ಊರಿಗೆ ಮರಳುವ ದಾರಿಗೆ ವಿರುದ್ಧ ದಿಕ್ಕಿನಲ್ಲಿ. ಹೈದರಲಿಯವರೂ ಟಿಪ್ಪು ಸುಲ್ತಾನರೂ ಮಲಗಿರುವ ಗುಂಬಝನ್ನು, ಎರಡು ಮಿನಾರಗಳ ಮಸ್ಜಿದೆ ಆಲಾವನ್ನು ಅರ್ಧ ಗಂಟೆಯಲ್ಲಿ ನೋಡಿ ಓಡುವುದಕ್ಕಿಂತ ಅದಕ್ಕೆಂದೇ ಇನ್ನೊಮ್ಮೆ ಬರುವುದು ಒಳ್ಳೆಯದು. ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಬೆಳಗುವುದನ್ನು ನೋಡಲೇಬೇಕೆಂದು ಮಕ್ಕಳು ಹಟ ಹಿಡಿದರೆ ಆ ರಾತ್ರಿ ಅಲ್ಲೇ ಉಳಿಯಿರಿ. ನಿದ್ದೆಗಣ್ಣಿನಲ್ಲಿ ಘಾಟಿ ಇಳಿಯುವ ಧೈರ್ಯ ಬೇಡ.

ಇನ್ನೊಂದು ಮಾತು. ಅರಮನೆಯಲ್ಲಿ ಪಾದರಕ್ಷೆ ಹೊರಗೆ ಬಿಡಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಕಾದ ನೆಲದ ಬಿಸಿ ತಿಳಿಯುವುದೇ ಇಲ್ಲ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಉಮ್ಮನಿಗೆ ಒಂದು ಜೊತೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ.

ಊಟದ ವಿಷಯಕ್ಕೆ ಬರೋಣ. ಹಲಾಲ್ ಹೋಟೆಲ್ ಹುಡುಕುತ್ತಾ ಮೂರು ಗಂಟೆಯವರೆಗೆ ಹಸಿದಿದ್ದು, ಸಿಕ್ಕಿದ ಕೂಡಲೇ ಬಿರಿಯಾನಿ, ಕಬಾಬ್, ಮೇಲೆ ತಂಪು ಪಾನೀಯ ಎಲ್ಲವನ್ನೂ ತುಂಬಿಕೊಳ್ಳುವುದು ನಮ್ಮ ರೂಢಿ. ಮೈಸೂರಿನಂಥ ಊರಲ್ಲಿ ಇದರ ಅಗತ್ಯವೇನು? ಅನ್ನ, ಸಾರು, ಪಲ್ಯ, ಮಜ್ಜಿಗೆ ಬಡಿಸುವ ಸಸ್ಯಾಹಾರಿ ಹೋಟೆಲುಗಳು ಹೆಜ್ಜೆಗೊಂದು ಇವೆ. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಉಂಡು, ಮಾಂಸದೂಟದ ಆಸೆಯನ್ನು ರಾತ್ರಿ ಇಶಾಗೆ ಮೊದಲು ತೀರಿಸಿಕೊಳ್ಳಬಹುದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡವರಿಗಂತೂ ಊಟ ಎರಡು ಗಂಟೆ ತಡವಾದರೆ ಬೆವರು, ನಡುಕ, ತಲೆಸುತ್ತು ಬರಬಹುದು. ಅವರ ಕೈಚೀಲದಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲೇಬೇಕು.

ಕುರ್‌ಆನ್ ಹಲಾಲ್ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ. ಅಂದರೆ ಒಳ್ಳೆಯದು, ಶುದ್ಧವಾದದ್ದು. ನಾವು ಹೋಟೆಲಿನ ಗೋಡೆಯಲ್ಲಿ ಮೊದಲನೆಯದನ್ನು ಹುಡುಕುತ್ತೇವೆ, ಎರಡನೆಯದನ್ನು ಅಡುಗೆಮನೆಯಲ್ಲಿ ಹುಡುಕುವುದಿಲ್ಲ. ಕೈ ತೊಳೆಯುವ ಜಾಗದಲ್ಲಿ ಸೋಪು ಇಲ್ಲದ, ಹೆಂಗಸರ ಶೌಚಾಲಯಕ್ಕೆ ಚಿಲಕ ಇಲ್ಲದ ಹೋಟೆಲಿನ ಅಡುಗೆಯವನು ಎಲ್ಲಿ ಕೈ ತೊಳೆಯುತ್ತಾನೆ ಎಂದು ಕೇಳಿಕೊಳ್ಳಬೇಡವೇ? ಹೋಟೆಲ್ ಆರಿಸುವ ಮೊದಲು ಮನೆಯ ಒಬ್ಬರು ಇಳಿದು ಇವೆರಡನ್ನು ನೋಡಿ ಬರಲಿ. ಇನ್ನು ಪಾರ್ಸೆಲ್ ತಂದು ಕಾರಿನಲ್ಲೇ ತಿನ್ನುವ ಅಭ್ಯಾಸ. ಪರ್ದಾ ಧರಿಸಿದ ಹೆಂಗಸರಿಗೆ ಅದು ಅನುಕೂಲ ಎನ್ನುತ್ತಾರೆ. ಆದರೆ ಹೋಟೆಲಿನೊಳಗೆ ಹೋಗದಿದ್ದರೆ ಅಲ್ಲಿನ ಶೌಚಾಲಯವೂ ಸಿಗುವುದಿಲ್ಲ. ಫ್ಯಾಮಿಲಿ ರೂಮ್ ಇರುವಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಕುಳಿತು ಉಣ್ಣಿ.

ಉಳಿದ ಬಿರಿಯಾನಿಯನ್ನು ಡಿಕ್ಕಿಯಲ್ಲಿಟ್ಟು ರಾತ್ರಿಗೆ ತಿನ್ನುವುದು ಅಪಾಯ. ಅನ್ನದಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಡಬ್ಬಿಯಲ್ಲಿ ಅವು ಮೊಳೆತು ವಿಷ ಉತ್ಪಾದಿಸುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಬಿಸಿಲಿಗೆ ಕಾದ ಕಾರಿನಲ್ಲಾದರೆ ಒಂದೇ ಗಂಟೆ. ಮಕ್ಕಳಿಗೆ ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದಾರಿಬದಿಯ ಕತ್ತರಿಸಿಟ್ಟ ಹಣ್ಣಿಗಿಂತ ನಂಜನಗೂಡು ರಸಬಾಳೆ ಕೊಳ್ಳಿ, ಸಿಪ್ಪೆಯನ್ನು ನಿಮ್ಮ ಕೈಯಿಂದಲೇ ಸುಲಿಯುತ್ತೀರಿ.

ಇಷ್ಟೆಲ್ಲ ಕುಟುಂಬಗಳು ಮಾಡಬಹುದಾದದ್ದು. ಮಸೀದಿ ಕಮಿಟಿಗಳು ಮಾಡಬೇಕಾದದ್ದು ಬೇರೆ ಇದೆ. ಹೆಂಗಸರು ಮಸೀದಿಗೆ ಬರಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುತ್ತಿಲ್ಲ. ಜಮಾಅತ್‌ನಲ್ಲಿ ನಿಲ್ಲುವುದು ಬೇರೆ, ಪ್ರಯಾಣದಲ್ಲಿರುವ ಹೆಣ್ಣುಮಗಳಿಗೆ ಒಂದು ನಳ್ಳಿ, ಒಂದು ಬಾಗಿಲು, ಮುಸಲ್ಲಾ ಹಾಸುವಷ್ಟು ಜಾಗ ಕೊಡುವುದು ಬೇರೆ. ದೀರ್ಘ ಪ್ರಯಾಣದಲ್ಲಿ ನಮಾಝನ್ನು ಕಸ್ರ್ ಮಾಡುವ, ಶಾಫಿಈಗಳಿಗೆ ಝುಹರ್ ಅಸರ್‌ಗಳನ್ನು ಜಮ್‌ಅ್ ಮಾಡುವ ರಿಯಾಯಿತಿಯನ್ನು ದೀನ್ ಕೊಟ್ಟಿದೆ. ಆ ರಿಯಾಯಿತಿ ಹೆಂಗಸರಿಗೂ ಇದೆ, ಅದನ್ನು ಬಳಸಲು ವುಝೂ ಮಾಡುವ ಜಾಗ ಮಾತ್ರ ಇಲ್ಲ. ಹಣ ಎಲ್ಲಿದೆ ಎಂದು ಕೇಳುವ ಕಮಿಟಿಗಳೇ ಗೇಟಿಗೆ ಹೊಸ ಕಮಾನು, ಮಿನಾರಕ್ಕೆ ಬಣ್ಣದ ಬೆಳಕು ಹಾಕಿಸುವುದನ್ನೂ ಕಾಣುತ್ತೇವೆ.

ಕೇರಳದ ಹೆದ್ದಾರಿಗಳಲ್ಲಿ ಹೆಂಗಸರಿಗೆ ನಮಾಝ್ ಸೌಕರ್ಯವಿದೆ ಎಂಬ ಫಲಕ ಇರುವ ಮಸೀದಿಗಳು ಹಲವು ಸಿಗುತ್ತವೆ. ನಮ್ಮಲ್ಲೂ ಅಲ್ಲಲ್ಲಿ ಶುರುವಾಗಿದೆ. ಕಟ್ಟಿಸುವವರು ಬಾಗಿಲನ್ನು ಹೌಳಿನ ಕಡೆಗೆ ಇಡದೆ ಬದಿಗೆ ಇಡಲಿ, ಗಂಡಸರ ಸಾಲು ದಾಟಿ ಯಾರೂ ಹೋಗುವುದಿಲ್ಲ. ಚಿಲಕ ಒಳಗಿನಿಂದ ಬೀಳುವಂತಿರಲಿ. ಪ್ಯಾಡ್ ಹಾಕಲು ಮುಚ್ಚಳವಿರುವ ಒಂದು ಬುಟ್ಟಿ ಇರಲಿ. ಬೀಗ ಹಾಕುವುದೇ ಆದರೆ ಕೀಲಿಕೈ ಹೊರಗಿನ ಮೊಳೆಗೆ ತೂಗಲಿ. ಮಧ್ಯಾಹ್ನ ಮಲಗಿರುವ ಮುಅಝ್ಝಿನರನ್ನು ಎಬ್ಬಿಸಿ ಕೀಲಿ ಕೇಳುವಷ್ಟು ಧೈರ್ಯ ಯಾವ ಹೆಣ್ಣುಮಗಳಿಗೂ ಬರುವುದಿಲ್ಲ.