ಕೀಲಿ ತೆಗೆಯಿರಿ: ಹುಬ್ಬಳ್ಳಿ–ಧಾರವಾಡ ಸೀಮೆಯ ಬೈಜಿಕ ವಿಜ್ಞಾನ ಸಹಕಾರಕ್ಕೆ ಒಂದು ಪ್ರಣಾಳಿಕೆ

ನಾವು ಹುಬ್ಬಳ್ಳಿ–ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸುವವರು, ಕಲಿಯುವವರು, ಆಸ್ಪತ್ರೆಗಳ ವಿಕಿರಣ ವಿಭಾಗದಲ್ಲಿ ದುಡಿಯುವವರು. ನಮ್ಮ ಮಾತು ಒಂದೇ. ಸಾರ್ವಜನಿಕರ ಹಣದಲ್ಲಿ ಕೊಂಡ ಬೈಜಿಕ ವಿಜ್ಞಾನದ ಪ್ರತಿಯೊಂದು ಉಪಕರಣವೂ ಈ ಸೀಮೆಯ ಎಲ್ಲ ವಿದ್ಯಾರ್ಥಿಗಳಿಗೂ ಸೇರಿದ್ದು. ಅದು ಯಾರ ಕಟ್ಟಡದಲ್ಲಿದೆ, ಕೀಲಿಕೈ ಯಾರ ಕಿಸೆಯಲ್ಲಿದೆ ಎಂಬುದರ ಮೇಲೆ ಅದರ ಒಡೆತನ ತೀರ್ಮಾನವಾಗಬಾರದು.

ನಮ್ಮೊಳಗೊಬ್ಬರು ಪಾಠ ಹೇಳುವ ಕಾಲೇಜಿನಲ್ಲಿ ಕೋಬಾಲ್ಟ್-60ರ ಒಂದು ಬಿಲ್ಲೆ ಇದೆ. ರೂಪಾಯಿ ನಾಣ್ಯದಷ್ಟು ಅಗಲ. ಅದನ್ನಿಟ್ಟ ಸೀಸದ ಡಬ್ಬಿಯ ಮೇಲೆ ಮಾಸಿದ ಶಾಯಿಯಲ್ಲಿ 1990 ಎಂದಿದೆ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಮೂವತ್ತೈದು ವರ್ಷ ಕಳೆದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಆಗ ಒಂದು ನಿಮಿಷದಲ್ಲಿ ಸಿಗುತ್ತಿದ್ದ ಎಣಿಕೆಗೆ ಈಗ ನೂರು ನಿಮಿಷ ಕಾಯಬೇಕು. ಪ್ರಯೋಗದ ಅವಧಿ ಮೂರು ತಾಸು. ಕಳೆದ ಸೆಮಿಸ್ಟರಿನಲ್ಲಿ ಒಬ್ಬ ಹುಡುಗಿ ಆ ಮೂರು ತಾಸೂ ಗೈಗರ್ ಕೊಳವೆಯ ಮುಂದೆ ಕೂತಳು. ಗ್ರಾಫ್ ಹಾಳೆಯಲ್ಲಿ ಎರಡೇ ಚುಕ್ಕೆ ಇಡಲು ಸಾಧ್ಯವಾಯಿತು. ಎರಡು ಚುಕ್ಕೆಗಳಿಂದ ಏನನ್ನೂ ಸಿದ್ಧಮಾಡಲಾಗದೆಂದು ಅವಳಿಗೂ ಗೊತ್ತು, ಅಂಕ ಹಾಕಿದವರಿಗೂ ಗೊತ್ತು.

ಅದೇ ತಿಂಗಳು, ಚಿಗರಿ ಬಸ್ಸು ಹತ್ತಿದರೆ ಅರ್ಧ ತಾಸಿನಲ್ಲಿ ಮುಟ್ಟಬಹುದಾದ ಇನ್ನೊಂದು ಸಂಸ್ಥೆಯಲ್ಲಿ ಒಂದು ಜರ್ಮೇನಿಯಂ ಡಿಟೆಕ್ಟರ್ ಬಟ್ಟೆ ಹೊದ್ದು ನಿಂತಿತ್ತು. ಅದು ಕೆಲಸ ಮಾಡಬೇಕಾದರೆ ದ್ರವ ಸಾರಜನಕದಿಂದ ಮೈನಸ್ 196 ಡಿಗ್ರಿಯ ಹತ್ತಿರಕ್ಕೆ ತಣಿಸಬೇಕು. ಉಪಕರಣ ಕೊಳ್ಳಲು ಅನುದಾನ ಬಂದಿತ್ತು, ವಾರವಾರ ಸಾರಜನಕ ತುಂಬಿಸಲು ಬರಲಿಲ್ಲ. ಇಲ್ಲಿ ಮಕ್ಕಳಿಗೆ ಉಪಕರಣವಿಲ್ಲ, ಅಲ್ಲಿ ಉಪಕರಣಕ್ಕೆ ಮಕ್ಕಳಿಲ್ಲ. ಈ ಚಳವಳಿ ಹುಟ್ಟಿದ್ದು ಈ ನೋವಿನಿಂದ.

ಕೂಡಿ ಬಾಳುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಗದಗ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರ ಕೈಯಲ್ಲಿ ಇಲ್ಲದ್ದು ಎಲ್ಲರ ಕೈ ಕೂಡಿದಾಗ ಆಯಿತು. ನಮ್ಮ ವಿದ್ಯಾಸಂಸ್ಥೆಗಳ ನಂಟೂ ಹಳೆಯದು. ಕಲಬುರಗಿಯ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಎರಡೂ ಒಂದು ಕಾಲಕ್ಕೆ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಗಳಾಗಿದ್ದವು. ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರು ಬಾವಿಯನ್ನೂ ಬೇರೆ ತೋಡಬೇಕೆಂದೇನಿಲ್ಲ.

ಕೃಷಿ ವಿಶ್ವವಿದ್ಯಾಲಯವನ್ನೇ ನೋಡಿ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಜೊತೆ ಸೇರಿ ಧಾರವಾಡದ ವಿಜ್ಞಾನಿಗಳು ವಿಕಿರಣದ ನೆರವಿನಿಂದ ಟಿಡಿಜಿ-39 ಎಂಬ ದಪ್ಪ ಕಾಳಿನ ಶೇಂಗಾ ತಳಿ ತಂದರು. ಬೈಜಿಕ ವಿಜ್ಞಾನ ನಮ್ಮ ಎರೆಭೂಮಿಗೆ ಬಂದು ಬಹಳ ವರ್ಷವಾಯಿತು. ಬರಬೇಕಾಗಿರುವುದು ನಮ್ಮ ತರಗತಿಗಳಿಗೆ.

ಸೀಮೆ ಎಂದರೆ ಎಷ್ಟು ದೂರ ಎಂದು ಕೇಳುವವರಿದ್ದಾರೆ. ಅದಕ್ಕೆ ಭೌತಶಾಸ್ತ್ರವೇ ಉತ್ತರ ಕೊಡುತ್ತದೆ. ಕ್ಯಾನ್ಸರ್ ಎಲ್ಲಿ ಹರಡಿದೆ ಎಂದು ನೋಡುವ ಪೆಟ್ ಸ್ಕ್ಯಾನಿಗೆ ಫ್ಲೋರಿನ್-18 ಬೇಕು. ಅದನ್ನು ಸೈಕ್ಲೋಟ್ರಾನ್ ಯಂತ್ರದಲ್ಲಿ ಪ್ರೋಟಾನುಗಳನ್ನು ಹೊಡೆಸಿ ತಯಾರಿಸುತ್ತಾರೆ. ಅದರ ಅರ್ಧಾಯುಷ್ಯ 110 ನಿಮಿಷ. ಬೆಂಗಳೂರಿನಲ್ಲಿ ತಯಾರಾದದ್ದು ರಸ್ತೆಯಲ್ಲಿ ಏಳು ತಾಸು ಕಳೆದು ಹುಬ್ಬಳ್ಳಿಗೆ ಬಂದರೆ ಹದಿನಾಲ್ಕರಲ್ಲಿ ಒಂದು ಪಾಲು ಉಳಿದಿರುತ್ತದೆ. ಹುಬ್ಬಳ್ಳಿಯಲ್ಲೇ ತಯಾರಾದರೆ ಬೆಳಗಾವಿ ಮುಟ್ಟುವಾಗ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ, ಗದಗಕ್ಕೆ ಮೂರರಲ್ಲಿ ಎರಡು ಪಾಲು, ನಾಲ್ಕು ತಾಸಿನ ವಿಜಯಪುರಕ್ಕೂ ಕಾಲುಭಾಗಕ್ಕೆ ತುಸು ಕಡಿಮೆ. ನಾವು ಸೀಮೆ ಎನ್ನುವುದು ಈ ನಕ್ಷೆಯನ್ನು. ಅದಕ್ಕೆ ಜಿಲ್ಲೆಯ ಗಡಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಗೋವಾ, ಕೊಲ್ಲಾಪುರ ಎರಡೂ ಅದರೊಳಗೆ ಬರುತ್ತವೆ.

ಆದ್ದರಿಂದ ನಮ್ಮ ದೊಡ್ಡ ಬೇಡಿಕೆ ಇದು: ಹುಬ್ಬಳ್ಳಿ–ಧಾರವಾಡದ ನಡುವೆ, ಆಸ್ಪತ್ರೆಗಳೂ ವಿದ್ಯಾಸಂಸ್ಥೆಗಳೂ ಕೂಡಿ ನಡೆಸುವ ಒಂದು ಸಣ್ಣ ಸೈಕ್ಲೋಟ್ರಾನ್. ಬೆಳಗಿನ ಜಾವ ಅದು ರೋಗಿಗಳ ಔಷಧಿ ತಯಾರಿಸಲಿ. ಆ ಕೆಲಸ ಮುಗಿದ ಮೇಲೆ ಅದೇ ಪ್ರೋಟಾನ್ ಕಿರಣ ಸಂಶೋಧಕರಿಗೆ ಸಿಗಲಿ. ಇವತ್ತು ಸಂಶೋಧನೆಗೆ ಮೀಸಲಾದ ಕಣ ವೇಗವರ್ಧಕ ನೋಡಬೇಕೆಂದರೆ ನಮ್ಮ ಮಕ್ಕಳು ಕೊಣಾಜೆಗೆ ಹೋಗಬೇಕು; ಅಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಇದೆ, 8 ದಶಲಕ್ಷ ಎಲೆಕ್ಟ್ರಾನ್‌ವೋಲ್ಟಿನದು. ಅದನ್ನು ಕಟ್ಟಿ ಉಳಿಸಿಕೊಂಡವರಿಗೆ ನಮ್ಮ ನಮಸ್ಕಾರ. ಕರಾವಳಿಯಲ್ಲಿ ಆದದ್ದು ಬಯಲುಸೀಮೆಯಲ್ಲೂ ಆಗಬಲ್ಲದು.

ಇದು ಕನಸಿನ ಮಾತಲ್ಲ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಕೂಡಿ ಮಾಡಿದ ಕೆಲಸ ಅದು. ನಮ್ಮವರೇ ಆದ ಬಿ.ವಿ. ಶ್ರೀಕಂಠನ್ 1950ರ ದಶಕದಿಂದಲೇ ಆ ಗಣಿಗಿಳಿದು ವಿಶ್ವಕಿರಣ ಅಳೆಯುತ್ತಿದ್ದರು. ಇವತ್ತಿಗೂ ದೇಶದ ಗಾಮಾ ಡಿಟೆಕ್ಟರುಗಳ ದೊಡ್ಡ ಸಮೂಹ, ಇಂಗಾ ಎಂದು ಕರೆಯುವುದು, ದೆಹಲಿ, ಮುಂಬಯಿ, ಕೋಲ್ಕತ್ತಗಳ ವೇಗವರ್ಧಕಗಳಿಗೆ ಸರದಿಯ ಮೇಲೆ ಹೋಗುತ್ತದೆ, ಊರಿಂದೂರಿಗೆ ಹೋಗುವ ಪಲ್ಲಕ್ಕಿಯ ಹಾಗೆ. ಜೋರ್ಡಾನಿನಲ್ಲಿ 2017ರಲ್ಲಿ ಉದ್ಘಾಟನೆಯಾದ ಸೆಸಮಿ ಎಂಬ ವೇಗವರ್ಧಕ ಕೇಂದ್ರದಲ್ಲಿ ಇರಾನ್, ಇಸ್ರೇಲ್, ಪ್ಯಾಲೆಸ್ತೀನ್, ಪಾಕಿಸ್ತಾನ ನಾಲ್ಕೂ ಸದಸ್ಯರು. ಅವರು ಒಂದು ಯಂತ್ರದ ಸುತ್ತ ಕೂಡಬಲ್ಲರಾದರೆ ಇಪ್ಪತ್ತು ಕಿಲೋಮೀಟರ್ ಅಂತರದ ಎರಡು ವಿಭಾಗಗಳು ಕೂಡಲಾರವೇ?

ಕೈಗಾ ಅಣುವಿದ್ಯುತ್ ಸ್ಥಾವರದ ಬಗ್ಗೆ ಮಾತಾಡದೆ ಈ ಪ್ರಣಾಳಿಕೆ ಪ್ರಾಮಾಣಿಕವಾಗುವುದಿಲ್ಲ. ನಮ್ಮ ಪಕ್ಕದ ಉತ್ತರ ಕನ್ನಡದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಆ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕುಸಿಯಿತು. 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ ನೌಕರರ ದೇಹಕ್ಕೆ ಹೋಯಿತು. ಅಲ್ಲಿನ ಒಂದನೇ ಘಟಕವೇ 2018ರ ಕೊನೆಗೆ 962 ದಿನ ಸತತವಾಗಿ ಓಡಿ ವಿಶ್ವದಾಖಲೆ ಮಾಡಿತು. ನಮ್ಮಲ್ಲಿ ಸ್ಥಾವರ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಅದಕ್ಕಾಗಿ ನಾವು ಬೇರೆಯಾಗುವುದಿಲ್ಲ. ಆದರೆ ನೀರು, ಮಣ್ಣು, ಹಾಲುಗಳಲ್ಲಿ ಎಷ್ಟು ವಿಕಿರಣ ಇದೆ ಎಂದು ಸ್ಥಾವರ ನಡೆಸುವವರು ಅಳೆದರೆ ಸಾಲದು. ಬೇರೆಯವರೂ ಅಳೆಯಬೇಕು. ಅಳತೆಯನ್ನು ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಬಟ್ಟೆ ಹೊದ್ದ ಆ ಡಿಟೆಕ್ಟರ್ ಮಾಡಬೇಕಾದ ಕೆಲಸ ಇದೇ.

ಸೈಕ್ಲೋಟ್ರಾನ್ ಬರುವತನಕ ಕೈಕಟ್ಟಿ ಕೂಡುವವರಲ್ಲ ನಾವು. ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ, ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳು, ಪದವಿ ಕಾಲೇಜುಗಳು ಸೇರಿ ಉಪಕರಣಗಳ ಒಂದೇ ದಫ್ತರ ಇಡಲಿ. ವಾರದಲ್ಲಿ ಒಂದು ದಿನ ಪ್ರತಿ ಉಪಕರಣವೂ ಹೊರಗಿನ ವಿದ್ಯಾರ್ಥಿಗೆ ಮೀಸಲಾಗಿರಲಿ. ದ್ರವ ಸಾರಜನಕವನ್ನು ಎಲ್ಲರೂ ಕೂಡಿ ಒಟ್ಟಿಗೆ ಕೊಳ್ಳಲಿ. ವಿಕಿರಣ ಆಕರಗಳನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಒಂದೇ ಭದ್ರ ಕೋಣೆಯಲ್ಲಿಟ್ಟು, ತರಬೇತಾದ ಒಬ್ಬ ಸುರಕ್ಷತಾ ಅಧಿಕಾರಿಯ ಕೈಗೆ ಕೊಡಲಿ. ಹಂಚಿಕೆಯ ಹೆಸರಿನಲ್ಲಿ ಸುರಕ್ಷತೆ ಸಡಿಲವಾಗುವುದನ್ನು ನಾವು ಒಪ್ಪುವುದಿಲ್ಲ. ಹಾವೇರಿ, ಬಾಗಲಕೋಟೆ, ಕೊಪ್ಪಳದಿಂದ ಬರುವ ಹುಡುಗ ಹುಡುಗಿಯರಿಗೆ ಬಸ್ ಚಾರ್ಜು, ಒಂದು ರಾತ್ರಿಯ ವಸತಿ ಸಿಗಲಿ. ಇದಿಷ್ಟಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಮುಖ್ಯಸ್ಥರ ಸಹಿ ಬೇಕು.

ಚಳವಳಿಗೆ ಇನ್ನೂ ಹೆಸರಿಟ್ಟಿಲ್ಲ. ಮೊದಲ ಸಭೆಯಲ್ಲಿ ಎಲ್ಲರೂ ಕೂಡಿ ಇಡೋಣ. ಬರುವಾಗ ನಿಮ್ಮ ವಿಭಾಗದ ಉಪಕರಣಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಕೆಟ್ಟು ನಿಂತಿರುವುದನ್ನೂ ಬರೆಯಿರಿ, ಯಾವ ವರ್ಷದಿಂದ ನಿಂತಿದೆ ಎಂಬುದನ್ನೂ ಬರೆಯಿರಿ.