ರೋಗಿಗೆ ವಿಧಿಸಿದ ಉಲ್ಲಾಸ

ಕಳೆದ ತಿಂಗಳು ನಮ್ಮ ಊರಿನ ಸಭಾಮಂದಿರದಲ್ಲಿ ‘ಮನಸ್ಸೇ ಮದ್ದು’ ಎಂಬ ವಿಷಯವನ್ನು ಕುರಿತು ಒಂದು ಉಪನ್ಯಾಸವು ನಡೆಯಿತು. ಉಪನ್ಯಾಸಕ ಮಹಾಶಯರು ವಿದ್ಯಾವಂತರು, ವಾಗ್ಮಿಗಳು. ಅವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಅವರು ಹೇಳಿದುದರ ಸಾರಾಂಶವೇನೆಂದರೆ: ಕಠಿನವಾದ ವ್ಯಾಧಿಗಳು ಮನಸ್ಸಿನ ದೌರ್ಬಲ್ಯದಿಂದ ಬಲಿತು, ಮನಸ್ಸಿನ ಬಲದಿಂದಲೇ ಶಮನವಾಗತಕ್ಕವು, ಗುಣವಾಗುವೆನೆಂದು ದೃಢವಾಗಿ ನಂಬಿದವನು ಗುಣವಾಗಿಯೇ ತೀರುವನು, ಔಷಧವು ನಿಮಿತ್ತಮಾತ್ರ. ಸಭಿಕರು ಚಪ್ಪಾಳೆ ತಟ್ಟಿದರು. ನನಗಿಂತ ಎರಡು ಸಾಲು ಮುಂದೆ, ತಲೆಗೆ ವಸ್ತ್ರವನ್ನು ಬಿಗಿಯಾಗಿ ಸುತ್ತಿಕೊಂಡಿದ್ದ ಒಬ್ಬ ಹೆಂಗಸು ಕುಳಿತಿದ್ದರು. ಚಿಕಿತ್ಸೆಯಿಂದ ಕೂದಲುದುರಿದವರು ಹಾಗೆ ಸುತ್ತಿಕೊಳ್ಳುವುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಆ ಹೆಂಗಸು ಚಪ್ಪಾಳೆ ತಟ್ಟಲಿಲ್ಲ. ಅಂದು ಎದ್ದು ನಿಂತು ಪ್ರತಿಹೇಳುವ ಧೈರ್ಯ ನನಗೆ ಸಾಲದೆ ಹೋಯಿತು. ಆ ಋಣವನ್ನು ಇಂದು ಈ ಪುಟಗಳಲ್ಲಿ ತೀರಿಸಲು ಯತ್ನಿಸುವೆನು.

ಧೈರ್ಯವು ಒಳ್ಳೆಯದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹಾಸಿಗೆ ಹಿಡಿದವನ ಮುಖದಲ್ಲಿ ಒಂದು ನಗೆ ಮೂಡಿದರೆ ಮನೆಗೆಲ್ಲ ಬೆಳಕು. ಎದೆಗುಂದಿದವನು ಔಷಧವನ್ನು ಅರ್ಧದಲ್ಲಿ ಬಿಟ್ಟುಬಿಡಬಹುದು, ಊಟವನ್ನು ದೂರ ತಳ್ಳಬಹುದು. ಅದರಿಂದ ಕೇಡಾಗುವುದೂ ನಿಜ. ನನ್ನ ತಕರಾರು ಧೈರ್ಯದ ಮೇಲಲ್ಲ. ಧೈರ್ಯವನ್ನು ಔಷಧದ ಸ್ಥಾನದಲ್ಲಿ ಕೂರಿಸಿ, ಅನಂತರ ಅದನ್ನು ರೋಗಿಯ ಕರ್ತವ್ಯವೆಂದು ವಿಧಿಸುವುದರ ಮೇಲೆ. ನಂಬಿದವನು ಬದುಕುವನೆಂದು ಹೇಳಿದೊಡನೆಯೇ, ಸತ್ತವನು ಸಾಲದಷ್ಟು ನಂಬಲಿಲ್ಲವೆಂಬ ಮಾತು ನೆರಳಿನಂತೆ ಹಿಂದೆಯೇ ಬರುತ್ತದೆ. ಉಪನ್ಯಾಸಕರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತವರು ತಾವೇ ಅರ್ಥಮಾಡಿಕೊಂಡಿರಬೇಕು.

ಮೊದಲು ನಮ್ಮ ಹಿರಿಯರನ್ನು ಹೆದರಿಸುತ್ತಿದ್ದ ಕ್ಷಯರೋಗವನ್ನೇ ನೋಡೋಣ. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಾಕ್ ಪಂಡಿತನು 1882ರಲ್ಲಿ ತೋರಿಸಿಕೊಡುವುದಕ್ಕೆ ಮುಂಚೆ, ಅದು ಸೂಕ್ಷ್ಮಸ್ವಭಾವದವರ, ದುಃಖಿಗಳ, ಭಗ್ನಪ್ರಣಯಿಗಳ ರೋಗವೆಂದು ಯೂರೋಪಿನಲ್ಲಿ ಬಹುಜನರು ನಂಬಿದ್ದರು. ವಿನೋದವೇನೆಂದರೆ, ಅಲ್ಲಿನ ವೈದ್ಯರೇ ಈ ರೋಗಿಗಳಲ್ಲಿ ಒಂದು ವಿಚಿತ್ರವಾದ ಆಶಾವಾದವನ್ನು ಕಂಡು, ‘ಕ್ಷಯರೋಗಿಯ ಆಶೆ’ ಎಂಬರ್ಥದ ಲ್ಯಾಟಿನ್ ಹೆಸರನ್ನು ಅದಕ್ಕೆ ಕೊಟ್ಟಿದ್ದರು. ರಕ್ತ ಕಾರುತ್ತಿರುವಾಗಲೂ ‘ಮುಂದಿನ ವಸಂತದಲ್ಲಿ ಪ್ರವಾಸ ಹೊರಡುವೆನು’ ಎನ್ನತಕ್ಕ ಆಶೆ ಅದು. ಆಶೆಯೇ ಮದ್ದಾಗಿದ್ದರೆ ಆ ರೋಗಿಗಳಷ್ಟು ಬೇಗ ಗುಣ ಹೊಂದಬೇಕಾದವರು ಬೇರೊಬ್ಬರಿರಲಿಲ್ಲ. ಅವರು ಸಾವಿರಸಾವಿರವಾಗಿ ಸತ್ತರು.

ಆಮೇಲೆ ಆರೋಗ್ಯಧಾಮಗಳ ಕಾಲ ಬಂತು. ನಮ್ಮ ಮೈಸೂರಿನಲ್ಲಿಯೂ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಚಿಕಿತ್ಸಾಲಯವು 1921ರಲ್ಲಿ ಆರಂಭವಾಯಿತು. ಇಂಥ ಕಡೆಗಳಲ್ಲಿ ಶುದ್ಧವಾಯು, ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಮನಃಶಾಂತಿ ಇವೇ ಅಂದು ಚಿಕಿತ್ಸೆ; ಬೇರೆ ಮದ್ದಿಲ್ಲದಾಗ ಅದು ತಪ್ಪೂ ಅಲ್ಲ. ಮದ್ದು ಬಂದಮೇಲೆ ಮದರಾಸಿನ ಕ್ಷಯಚಿಕಿತ್ಸಾ ಕೇಂದ್ರದವರು ಒಂದು ಪರೀಕ್ಷೆಯನ್ನು ನಡೆಸಿ 1959ರಲ್ಲಿ ಫಲವನ್ನು ಪ್ರಕಟಿಸಿದರು. ಬಡರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಟ್ಟು, ಉಳಿದವರನ್ನು ಅವರವರ ಮನೆಗಳಲ್ಲಿಯೇ ಬಿಟ್ಟು, ಇಬ್ಬರಿಗೂ ಅದೇ ಔಷಧವನ್ನು ಒಂದು ವರ್ಷ ಕೊಟ್ಟರು. ಮನೆಯಲ್ಲಿದ್ದವರಿಗೆ ಇಕ್ಕಟ್ಟಾದ ಕೋಣೆ, ಅರೆಹೊಟ್ಟೆ, ದುಡಿಮೆ, ಸಂಸಾರದ ಚಿಂತೆ. ಆದರೂ ಇಬ್ಬರಿಗೂ ಗುಣವಾದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಚಿಂತೆಯುಳ್ಳವರನ್ನೂ ಚಿಂತೆಯಿಲ್ಲದವರನ್ನೂ ಆ ಗುಳಿಗೆಗಳು ಸಮದೃಷ್ಟಿಯಿಂದ ನೋಡಿದವು. ಕ್ಷಯವು ಮನಸ್ಸಿನ ರೋಗವೆಂಬ ಮಾತು ಅಂದಿನಿಂದ ಮೂಲೆಗೆ ಸರಿಯಿತು. ಆದರೆ ಅದು ಸಾಯಲಿಲ್ಲ, ಮನೆ ಬದಲಾಯಿಸಿತು. ಔಷಧವು ಇನ್ನೂ ಪೂರ್ಣವಾಗಿ ಗೆಲ್ಲದಿರುವ ರೋಗದ ಮನೆಗೆ, ಎಂದರೆ ಕ್ಯಾನ್ಸರೆಂದು ಇಂದು ಎಲ್ಲರ ಬಾಯಲ್ಲಿರುವ ಅರ್ಬುದರೋಗದ ಮನೆಗೆ ಬಂದು ಕುಳಿತಿತು.

ಉಪನ್ಯಾಸಕರು ಪಾಶ್ಚಾತ್ಯ ವಿಜ್ಞಾನವೂ ತಮ್ಮ ಪಕ್ಷದಲ್ಲಿದೆಯೆಂದು ಹೇಳಿ, ಅಮೆರಿಕದ ಒಂದು ಪರೀಕ್ಷೆಯನ್ನು ಉದಾಹರಿಸಿದರು. ಅದು ಡೇವಿಡ್ ಸ್ಪೀಗೆಲ್ ಎಂಬ ವೈದ್ಯರದು; 1989ರಲ್ಲಿ ಪ್ರಕಟವಾಯಿತು. ಸ್ತನದ ಅರ್ಬುದವು ದೇಹದ ಬೇರೆ ಭಾಗಗಳಿಗೆ ಹರಡಿದ್ದ 86 ಮಂದಿ ಸ್ತ್ರೀಯರಲ್ಲಿ, ವಾರಕ್ಕೊಮ್ಮೆ ಗುಂಪಾಗಿ ಸೇರಿ ಮಾತನಾಡುತ್ತಿದ್ದವರು ಸರಾಸರಿ ಸುಮಾರು 37 ತಿಂಗಳೂ, ಹಾಗೆ ಸೇರದಿದ್ದವರು ಸುಮಾರು 19 ತಿಂಗಳೂ ಬದುಕಿದರೆಂದು ಕಂಡುಬಂತು. ಇಷ್ಟನ್ನು ಹೇಳಿ ನಮ್ಮ ಮಹಾಶಯರು ಕುಳಿತುಕೊಂಡರು. ಅದರ ಮುಂದಿನ ಕಥೆಯನ್ನು ಅವರು ಓದಿರಲಿಲ್ಲವೋ, ಓದಿಯೂ ಹೇಳಲಿಲ್ಲವೋ, ನಾನರಿಯೆ. ಕೆನಡಾದ ವೈದ್ಯರು ಅದೇ ಕ್ರಮವನ್ನು 235 ಮಂದಿಯಲ್ಲಿ ಪರೀಕ್ಷಿಸಿ 2001ರಲ್ಲಿ ತಿಳಿಸಿದ ಫಲ: ಗುಂಪಿಗೆ ಸೇರಿದವರ ನೋವು, ಮನಸ್ತಾಪಗಳು ಕಡಿಮೆಯಾದವು, ಆಯುಷ್ಯವು ಹೆಚ್ಚಲಿಲ್ಲ. ಸ್ಪೀಗೆಲರೇ ಮತ್ತೆ 125 ಮಂದಿಯಲ್ಲಿ ಪರೀಕ್ಷಿಸಿ, ಒಟ್ಟಿನಲ್ಲಿ ಆಯುಷ್ಯವು ಹೆಚ್ಚಿದಂತೆ ಕಾಣಲಿಲ್ಲವೆಂದು 2007ರಲ್ಲಿ ತಾವೇ ಪ್ರಕಟಿಸಿದರು. ತನ್ನ ಕೀರ್ತಿಗೆ ಕಾರಣವಾದ ಮಾತನ್ನು ತಾನೇ ತಿದ್ದಿಕೊಳ್ಳುವ ಪ್ರಾಮಾಣಿಕತೆ ಎಲ್ಲರಿಗೂ ಸಾಧ್ಯವಲ್ಲ. ಅದೇ ವರ್ಷ, ತಲೆ ಮತ್ತು ಕೊರಳಿನ ಅರ್ಬುದವುಳ್ಳ 1,093 ರೋಗಿಗಳ ಮನಃಸ್ಥಿತಿಯನ್ನು ಲೆಕ್ಕಹಾಕಿದ ಇನ್ನೊಂದು ಪರೀಕ್ಷೆಯಲ್ಲಿ, ಉಲ್ಲಾಸಕ್ಕೂ ಆಯುಷ್ಯಕ್ಕೂ ಸಂಬಂಧವೇ ತೋರಲಿಲ್ಲ. ‘ಹೋರಾಡುವ ಕೆಚ್ಚು’ ಬದುಕಿಸುವುದೆಂದು 1979ರಲ್ಲಿ ಲಂಡನ್ನಿನಿಂದ ಹೊರಟ ಮಾತೂ, 1999ರಲ್ಲಿ 578 ಮಂದಿಯ ಪರೀಕ್ಷೆಯ ಮುಂದೆ ನಿಲ್ಲಲಿಲ್ಲ. ತೀರ ಹತಾಶರಾದವರಿಗೆ ತುಸು ಹೆಚ್ಚು ಅಪಾಯವಿದ್ದಂತೆ ಅದರಲ್ಲಿ ಕಂಡುಬಂತು. ಎದುರುಪಕ್ಷದವರಿಗೆ ಸಲ್ಲಬೇಕಾದ ಅಷ್ಟನ್ನು ನಾನು ಮುಚ್ಚಿಡುವುದಿಲ್ಲ.

ಇಷ್ಟಕ್ಕೂ ಆ ಗುಂಪುಗಳಲ್ಲಿ ಸ್ತ್ರೀಯರು ಮಾಡುತ್ತಿದ್ದುದೇನು? ‘ನಾನು ಗುಣವಾಗುತ್ತಿದ್ದೇನೆ’ ಎಂದು ಜಪಿಸುತ್ತಿದ್ದರೆ? ಇಲ್ಲ. ಭಯ, ನೋವು, ಸಾವು, ಬಿಟ್ಟುಹೋಗಬೇಕಾದ ಮಕ್ಕಳು, ಇವನ್ನೇ ಕುರಿತು ಬಾಯ್ತುಂಬ ಮಾತನಾಡುತ್ತಿದ್ದರು. ಉಪನ್ಯಾಸಕರು ತಂದ ಸಾಕ್ಷಿಯು ಅವರ ವಿರುದ್ಧವೇ ನುಡಿಯುವುದು.

ಇನ್ನು ನಮ್ಮ ಪ್ರಾಚೀನ ವೈದ್ಯರೂ ಮನೋಬಲವೇ ಮುಖ್ಯವೆಂದು ಸಾರಿದರೆಂಬ ಮಾತು. ಚರಕಸಂಹಿತೆಯ ಸೂತ್ರಸ್ಥಾನವನ್ನು ತೆರೆದು ನೋಡಬೇಕು. ಚಿಕಿತ್ಸೆಗೆ ವೈದ್ಯ, ಔಷಧ, ಶುಶ್ರೂಷೆ ಮಾಡುವವನು, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ಗುಣಗಳನ್ನು ಅಲ್ಲಿ ಎಣಿಸಿದೆ. ರೋಗಿಯ ಗುಣಗಳು ಯಾವುವೆಂದರೆ ಸ್ಮೃತಿ, ವೈದ್ಯನು ಹೇಳಿದಂತೆ ನಡೆಯುವಿಕೆ, ಅಭೀರುತ್ವ ಮತ್ತು ಜ್ಞಾಪಕತ್ವ. ಅಭೀರುತ್ವವು ಇದೆ, ಸರಿ. ಆದರೆ ನಾಲ್ಕರಲ್ಲಿ ಒಂದಾಗಿ. ಕೊನೆಯದಾದ ಜ್ಞಾಪಕತ್ವವನ್ನು ನಾವು ಕನ್ನಡದಲ್ಲಿ ನೆನಪೆಂಬರ್ಥದಲ್ಲಿ ತಿಳಿದುಬಿಡುವ ಅಪಾಯವುಂಟು. ಇಲ್ಲಿ ಅದರ ಅರ್ಥವು ತಿಳಿಯಪಡಿಸುವ ಶಕ್ತಿ. ತನ್ನ ಬಾಧೆಯನ್ನು ಇದ್ದುದಿದ್ದಂತೆ ವೈದ್ಯನಿಗೆ ಹೇಳಬಲ್ಲ ಗುಣ. ಉಲ್ಲಾಸವನ್ನು ವಿಧಿಸುವವರು ರೋಗಿಯಿಂದ ಕಿತ್ತುಕೊಳ್ಳುವುದು ಈ ಗುಣವನ್ನೇ.

ನನ್ನ ಅಕ್ಕನ ವಿಷಯದಲ್ಲಿ ಹೀಗೆಯೇ ಆಯಿತು. ಅವಳಿಗೂ ಅದೇ ಸ್ತನದ ಅರ್ಬುದ. ಶಸ್ತ್ರಚಿಕಿತ್ಸೆಯಾದ ಎರಡನೆಯ ವರ್ಷ ಅವಳ ಸೊಂಟದಲ್ಲಿ ನೋವು ಹುಟ್ಟಿತು. ನೋಡಲು ಬಂದವರೆಲ್ಲ ‘ನಿಮ್ಮ ಧೈರ್ಯವೇ ನಿಮ್ಮನ್ನು ಉಳಿಸಿತು’ ಎಂದು ಹೊಗಳಿ ಹೋಗುತ್ತಿದ್ದ ಕಾಲವದು. ಹೊಗಳಿಕೆಯು ಎಂಥ ಸೆರೆಮನೆಯೆಂಬುದು ನಮಗಾರಿಗೂ ಹೊಳೆಯಲಿಲ್ಲ. ಎರಡು ತಿಂಗಳು ಅವಳು ನೋವನ್ನು ನುಂಗಿಕೊಂಡು, ವೈದ್ಯರ ಮುಂದೆಯೂ ‘ಚೆನ್ನಾಗಿದ್ದೇನೆ’ ಎಂದೇ ಹೇಳಿದಳು. ಕಾಲು ಎತ್ತಿಡಲಾರದಾದಾಗ ಪರೀಕ್ಷೆ ಮಾಡಿಸಿದರೆ ರೋಗವು ಮೂಳೆಗೆ ಹರಡಿತ್ತು. ಮೊದಲೇ ಹೇಳಿದ್ದರೆ ಬದುಕುತ್ತಿದ್ದಳೆಂದು ನಾನು ಹೇಳುವುದಿಲ್ಲ. ಆದರೆ ಮೂಳೆಯ ನೋವಿಗೆ ಕಿರಣಚಿಕಿತ್ಸೆಯುಂಟು, ಮಾರ್ಫಿನ್ ಉಂಟು. ಆ ಎರಡು ತಿಂಗಳ ಯಾತನೆ ವ್ಯರ್ಥವಾದದ್ದು.

‘ನಿಜವನ್ನು ಹೇಳಿದರೆ ರೋಗಿಯು ಕುಸಿದುಹೋಗುವನು’ ಎಂದು ಕೆಲವರು ಆಕ್ಷೇಪಿಸಬಹುದು. ಬೋಸ್ಟನ್ನಿನಲ್ಲಿ ಶ್ವಾಸಕೋಶದ ಅರ್ಬುದವು ಬಲಿತಿದ್ದ 151 ಮಂದಿಯ ಪರೀಕ್ಷೆಯೊಂದು 2010ರಲ್ಲಿ ಪ್ರಕಟವಾಗಿದೆ. ಸಾಮಾನ್ಯ ಚಿಕಿತ್ಸೆಯೊಡನೆ, ನೋವನ್ನು ಶಮನಗೊಳಿಸಿ ರೋಗದ ಗತಿಯನ್ನು ಮುಚ್ಚುಮರೆಯಿಲ್ಲದೆ ಮಾತನಾಡುವ ಶುಶ್ರೂಷೆಯನ್ನು ಮೊದಲಿನಿಂದಲೇ ಪಡೆದವರಲ್ಲಿ ಖಿನ್ನತೆಯು ಕಡಿಮೆಯಿತ್ತು. ಅವರು ಸುಮಾರು ಎರಡೂವರೆ ತಿಂಗಳು ಹೆಚ್ಚಾಗಿಯೂ ಬದುಕಿದರು. ಕುಸಿಯುವವರು ರೋಗಿಗಳೋ, ಅವರ ಮಾತು ಕೇಳಲಾರದ ನಾವೋ, ಸ್ವಲ್ಪ ಯೋಚಿಸಬೇಕು.

ಸಭೆಗಳನ್ನು ಕೂಡಿಸುವ ಉತ್ಸಾಹವುಳ್ಳವರಿಗೆ ಒಂದು ಬೇರೆ ಕೆಲಸವನ್ನು ಸೂಚಿಸಬಯಸುತ್ತೇನೆ. 1985ರ ಮಾದಕವಸ್ತುಗಳ ಕಾನೂನಿನ ಕಟ್ಟುಗಳಿಗೆ ಹೆದರಿ, ಈ ದೇಶದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ನನ್ನು ಇಡುವುದನ್ನೇ ಬಿಟ್ಟವು. ಗಸಗಸೆಯ ಗಿಡದಿಂದ ಅಫೀಮನ್ನು ತೆಗೆದು ಹೊರದೇಶಗಳಿಗೆ ಮಾರುವ ಭಾರತದಲ್ಲಿ, ಭಾರತದ ರೋಗಿಗಳು ಅದರ ಸಾರವಿಲ್ಲದೆ ನರಳಿದರು. 2014ರಲ್ಲಿ ಆ ಕಾನೂನನ್ನು ತಿದ್ದಿ ಕಟ್ಟುಗಳನ್ನು ಸಡಿಲಿಸಿದ್ದಾಗಿದೆ. ನಮ್ಮ ಜಿಲ್ಲೆಯ ಯಾವ ಯಾವ ತಾಲ್ಲೂಕಿನ ಆಸ್ಪತ್ರೆಯಲ್ಲಿ ಇಂದು ಆ ಗುಳಿಗೆ ದೊರೆಯುವುದೆಂದು ಸಂಘದವರು ಹೋಗಿ ವಿಚಾರಿಸಿ ಈ ಪತ್ರಿಕೆಯಲ್ಲಿ ಅಚ್ಚುಹಾಕಲಿ. ಉಪನ್ಯಾಸಕ್ಕೆ ಖರ್ಚು ಕಡಿಮೆ, ಹೌದು. ಒಂದು ಹಾರ, ಒಂದು ಲೋಟ ಕಾಫಿ.

ಕೊನೆಯದಾಗಿ ನನ್ನ ಸ್ವಂತ ಅಪರಾಧವನ್ನೂ ಒಪ್ಪಿಕೊಳ್ಳಬೇಕಾಗಿದೆ. ಉಪನ್ಯಾಸಕರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಅಕ್ಕ ತೀರಿಕೊಳ್ಳುವುದಕ್ಕೆ ಮೂರು ವಾರ ಮುಂಚೆ, ಒಂದು ಮಧ್ಯಾಹ್ನ, ಮನೆಯವರೆಲ್ಲ ಊಟಕ್ಕೆ ಎದ್ದುಹೋಗಿದ್ದಾಗ ನನ್ನನ್ನು ಹತ್ತಿರ ಕರೆದು, ‘ನೋಡೋ, ನಾನು ಹೋದಮೇಲೆ ಆ ಕೆಂಪಿನ ಓಲೆ ಇದೆಯಲ್ಲ, ಅದನ್ನ...’ ಎಂದು ಮಾತು ತೆಗೆದಳು. ನನಗೆ ಎದೆ ಝಲ್ಲೆಂದಿತು. ‘ಬಿಡ್ತು ಅನ್ನಕ್ಕ, ಅದೇನು ಮಾತು!’ ಎಂದುಬಿಟ್ಟೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ‘ಬಿಡ್ತು’ ಎಂದಳು. ಆಮೇಲೆ ಆ ಮಾತನ್ನು ಎತ್ತಲಿಲ್ಲ. ಓಲೆಗಳು ಇಂದಿಗೂ ಅವಳ ಪೆಟ್ಟಿಗೆಯಲ್ಲಿ, ಅರಿಸಿನದ ಬಟ್ಟೆಯಲ್ಲಿ ಕಟ್ಟಿದ ಹಾಗೆಯೇ ಇವೆ. ಅವು ಯಾರಿಗೆಂದು ನಮ್ಮಲ್ಲಿ ಯಾರಿಗೂ ತಿಳಿಯದು.